ಝಳವೇ ಬೇರೆ, ಶೆಕೆಯೇ ಬೇರೆ

(ಮನೆಗೆ ಏ.ಸಿ. ಹಾಕಿಸುವ ಕುರಿತು ದಂಡೋತಿಯ ಕೇಳುಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಕಲಬುರಗಿ ಸೀಮೆಯ ಬೇಸಿಗೆ ಎಂಥದ್ದು ಎಂಬುದನ್ನು ಈ ಊರಿನವರ ಮುಂದೆ ಬಣ್ಣಿಸಬೇಕಾದ ಅಗತ್ಯವಿಲ್ಲ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಿಸುವ ಪದ್ಧತಿ ಇದೆ. ಸರ್ಕಾರದ ಗಡಿಯಾರವೇ ಬಿಸಿಲಿಗೆ ತಲೆಬಾಗಿದ ಮೇಲೆ ಬೇರೆ ಸಾಕ್ಷಿ ಯಾಕೆ?

ಒಂದು ಕಾಲಕ್ಕೆ ಏ.ಸಿ. ಎಂದರೆ ದೊಡ್ಡ ಊರಿನ ಚಿತ್ರಮಂದಿರ, ಬ್ಯಾಂಕು, ಸಿಮೆಂಟ್ ಕಾರ್ಖಾನೆಯ ಅತಿಥಿಗೃಹ ಇಷ್ಟೇ ಆಗಿತ್ತು. ಈಗ ಅದು ಕಂತಿನ ಮೇಲೆ ಹಳ್ಳಿಯ ಮನೆಗೂ ಬರುತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಅದರ ಮೇಲಿನ ಜಿಎಸ್‌ಟಿ ಶೇಕಡಾ 28ರಿಂದ 18ಕ್ಕೆ ಇಳಿದಿದೆ. ಮನೆಯಲ್ಲಿ ಹಾಸಿಗೆ ಹಿಡಿದ ಅಜ್ಜನೋ ಬಾಣಂತಿಯೋ ಇದ್ದರೆ ‘ಒಂದು ಏ.ಸಿ. ಹಾಕಿಸಿಬಿಡೋಣ’ ಎಂಬ ಮಾತು ಸಹಜವಾಗಿಯೇ ಬರುತ್ತದೆ. ಆದರೆ ಹಾಕಿಸುವ ಮೊದಲು ಅದು ಯಾವ ಬಿಸಿಯ ಮೇಲೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಏಕೆಂದರೆ ಈ ಭಾಗದಲ್ಲಿ ಬಿಸಿ ಎಂಬುದು ಒಂದಲ್ಲ, ಎರಡು. ಆಡುಮಾತಿನಲ್ಲಿಯೇ ಝಳ ಬೇರೆ, ಶೆಕೆ ಬೇರೆ.

ಝಳ ಒಣ ಬಿಸಿ, ಮೇ ತಿಂಗಳಿನದು. ಶೆಕೆ ಒದ್ದೆ ಬಿಸಿ. ಒಂದೆರಡು ಮಳೆ ಬಿದ್ದು, ಮತ್ತೆ ಬಿಸಿಲು ಕಾದು, ಗಾಳಿ ನಿಂತುಹೋದ ಜೂನ್ ತಿಂಗಳಿನದು. ಮೊದಲನೆಯದರಲ್ಲಿ ಬೆವರು ಬಂದದ್ದೇ ಗೊತ್ತಾಗುವುದಿಲ್ಲ, ಬಂದ ಕೂಡಲೇ ಆರಿಹೋಗುತ್ತದೆ. ಎರಡನೆಯದರಲ್ಲಿ ಬೆವರು ಹರಿಯುತ್ತದೆ, ಆರುವುದೇ ಇಲ್ಲ.

ಈ ವ್ಯತ್ಯಾಸವನ್ನು ಪ್ರತಿ ಮನೆಯ ಹರವಿಯೂ ಬಲ್ಲದು. ನೀರು ಆವಿಯಾಗಬೇಕಾದರೆ ಶಾಖ ಬೇಕು. ಹರವಿಯ ಮೈಯಿಂದ ಜಿನುಗಿದ ನೀರು ಆ ಶಾಖವನ್ನು ಒಳಗಿನ ನೀರಿನಿಂದಲೇ ಕಿತ್ತುಕೊಂಡು ಹೋಗುತ್ತದೆ. ಹೀಗಾಗಿ ಒಳಗಿನದು ತಣ್ಣಗಾಗುತ್ತದೆ. ಮೇ ತಿಂಗಳ ಹರವಿಯ ನೀರು ಹಲ್ಲು ಜುಮ್ಮೆನ್ನುವಷ್ಟು ತಂಪು. ಮಳೆಗಾಲದಲ್ಲಿ ಅದೇ ಹರವಿ, ಅದೇ ಮೂಲೆ, ಆದರೂ ನೀರಿಗೆ ಆ ತಂಪಿಲ್ಲ. ಹೊರಗಿನ ಗಾಳಿಯಲ್ಲಿ ಮೊದಲೇ ನೀರು ತುಂಬಿರುವಾಗ ಹರವಿಯ ನೀರಿಗೆ ಹೋಗಲು ಜಾಗವೆಲ್ಲಿ?

ಕೂಲರ್ ಕೂಡ ಹರವಿಯ ತಮ್ಮನೇ. ಒದ್ದೆ ಹುಲ್ಲಿನ ಮೂಲಕ ಗಾಳಿಯನ್ನು ಎಳೆದು ಒಳಗೆ ಬಿಡುವುದು ಅದರ ಕೆಲಸ. ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುವ ರೂಢಿ ಭಾರತದಲ್ಲಿ ಬಹಳ ಹಳೆಯದು. ಬ್ರಿಟಿಷರ ಕಾಲದಲ್ಲಿ ಅದೇ ತಟ್ಟಿಗೆ ಕೈಯಿಂದ ತಿರುಗಿಸುವ ಫ್ಯಾನು ಜೋಡಿಸಿ ‘ಥರ್ಮಾಂಟಿಡೋಟ್’ ಎಂಬ ಭಾರೀ ಹೆಸರಿಟ್ಟರು. ತಿರುಗಿಸುವ ಆಳಿಗೆ ಮಾತ್ರ ತಂಪಿರಲಿಲ್ಲ.

ಲೆಕ್ಕ ನೋಡಿ. 45 ಡಿಗ್ರಿ ಸೆಲ್ಸಿಯಸ್ ಬಿಸಿ, ತೇವಾಂಶ ಶೇಕಡಾ 15 ಇರುವ ಮಧ್ಯಾಹ್ನ ಒಳ್ಳೆಯ ಕೂಲರ್ ಸುಮಾರು 28 ಡಿಗ್ರಿಯ ಗಾಳಿ ಕೊಡಬಲ್ಲದು. 17 ಡಿಗ್ರಿ ಇಳಿಕೆ! 200 ವ್ಯಾಟಿನ ಆಸುಪಾಸಿನ ವಿದ್ಯುತ್ತಿಗೆ ಇದಕ್ಕಿಂತ ಹೆಚ್ಚು ಯಾರೂ ಕೊಡಲಾರರು. ಅದೇ ಕೂಲರ್ 33 ಡಿಗ್ರಿ, ಶೇಕಡಾ 70 ತೇವಾಂಶದ ದಿನ ನಾಲ್ಕು ಡಿಗ್ರಿಯನ್ನೂ ಇಳಿಸಲಾರದು. ಸಾಲದ್ದಕ್ಕೆ ಕೋಣೆಗೆ ಇನ್ನಷ್ಟು ನೀರಿನಾವಿ ತುಂಬುತ್ತದೆ. ಮಳೆ ಬಂತೆಂದು ಕಿಟಕಿ ಮುಚ್ಚಿ ಕೂಲರ್ ಹಚ್ಚುವ ಮನೆಗಳಲ್ಲಿ ಹಾಸಿಗೆಯೇ ಹಸಿಯಾಗುವುದು ಇದರಿಂದ. ಕೂಲರಿಗೆ ತೆರೆದ ಕಿಟಕಿ ಬೇಕು, ಏ.ಸಿ.ಗೆ ಮುಚ್ಚಿದ ಕಿಟಕಿ ಬೇಕು. ಎರಡನ್ನೂ ಒಂದೇ ಕೋಣೆಯಲ್ಲಿ ಒಟ್ಟಿಗೆ ನಡೆಸುವವರೂ ಇದ್ದಾರೆ. ಒಂದು ನೀರು ತುಂಬುತ್ತದೆ, ಇನ್ನೊಂದು ಅದನ್ನು ಹೊರಗೆ ಹಾಕುತ್ತದೆ, ಬಿಲ್ಲು ಮನೆಯ ಯಜಮಾನನಿಗೆ.

ಈಗ ಏ.ಸಿ.ಯ ಕಥೆಗೆ ಬರೋಣ. ಅದು ಹುಟ್ಟಿದ್ದು ಮನುಷ್ಯರಿಗೆ ತಂಪು ಮಾಡಲೆಂದಲ್ಲ, ಕಾಗದಕ್ಕಾಗಿ. 1902ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿದ್ದ ಸ್ಯಾಕೆಟ್ ಅಂಡ್ ವಿಲ್ಹೆಲ್ಮ್ಸ್ ಎಂಬ ಮುದ್ರಣಾಲಯಕ್ಕೆ ಬೇಸಿಗೆಯ ತೇವ ದೊಡ್ಡ ತಲೆನೋವಾಗಿತ್ತು. ಬಣ್ಣದ ಚಿತ್ರ ಅಚ್ಚಾಗಬೇಕಾದರೆ ಒಂದೇ ಹಾಳೆಯ ಮೇಲೆ ಒಂದೊಂದು ಬಣ್ಣವನ್ನು ಬೇರೆ ಬೇರೆಯಾಗಿ ಒತ್ತಬೇಕು. ನಡುವೆ ತೇವಕ್ಕೆ ಕಾಗದ ಹಿಗ್ಗಿದರೆ ಕೆಂಪು ಒಂದು ಕಡೆ, ನೀಲಿ ಒಂದು ಕಡೆ. ಆಗಿನ್ನೂ 25 ವರ್ಷದ ಎಂಜಿನಿಯರ್ ವಿಲ್ಲಿಸ್ ಕ್ಯಾರಿಯರ್ ಇದಕ್ಕೆ ಪರಿಹಾರ ಹುಡುಕಿದ. ತಣ್ಣನೆಯ ಕೊಳವೆಗಳ ಮೇಲೆ ಗಾಳಿ ಹಾಯಿಸಿದರೆ ಗಾಳಿಯೊಳಗಿನ ನೀರು ಕೊಳವೆಯ ಮೇಲೆ ಹನಿಯಾಗಿ ಕೂರುತ್ತದೆ. ಬರ್ಫಿನ ನೀರು ತುಂಬಿದ ಸ್ಟೀಲ್ ಲೋಟದ ಹೊರಮೈ ಬೆವರುವುದಿಲ್ಲವೆ, ಅದೇ ಇದು. ‘ಏರ್ ಕಂಡೀಷನಿಂಗ್’ ಎಂಬ ಹೆಸರು ಬಂದದ್ದು 1906ರಲ್ಲಿ, ಸ್ಟುವರ್ಟ್ ಕ್ರೇಮರ್ ಎಂಬ ಜವಳಿ ಎಂಜಿನಿಯರನಿಂದ. ನೂಲಿನ ಗಿರಣಿಯಲ್ಲಿ ಎಳೆ ಹರಿಯದಿರಲು ಗಾಳಿಗೆ ತೇವ ಸೇರಿಸುವುದು ಆತನ ಕೆಲಸವಾಗಿತ್ತು. ಅಂದರೆ ಈ ವಿದ್ಯೆಯ ಮೂಲ ಚಿಂತೆ ತೇವಾಂಶವೇ.

ಮೇಲೆ ಹೇಳಿದ ಮೇ ತಿಂಗಳ ಒಂದು ಘನ ಮೀಟರ್ ಗಾಳಿಯಲ್ಲಿ ಸುಮಾರು 10 ಗ್ರಾಂ ನೀರಿರುತ್ತದೆ. ಜೂನ್ ತಿಂಗಳ ಗಾಳಿಯಲ್ಲಿ ಸುಮಾರು 25 ಗ್ರಾಂ. ಹೀಗಾಗಿ ಕಡುಬೇಸಿಗೆಯಲ್ಲಿ ಏ.ಸಿ.ಯ ಪೈಪಿನಿಂದ ನೀರು ಬರುವುದೇ ಅಪರೂಪ. ಯಂತ್ರ ಕೆಟ್ಟಿತೆಂದು ಮೆಕ್ಯಾನಿಕ್‌ನನ್ನು ಕರೆಸುವ ಅಗತ್ಯವಿಲ್ಲ. ಮಳೆಗಾಲದಲ್ಲಿ ಅದೇ ಪೈಪಿನ ಕೆಳಗೆ ಬಕೆಟ್ ಇಟ್ಟು ನೋಡಿ, ರಾತ್ರಿ ಕಳೆಯುವುದರಲ್ಲಿ ಲೀಟರುಗಟ್ಟಲೆ ನೀರು. ಅದು ಕೋಣೆಯ ಶೆಕೆ.

ಅಂಗಡಿಯಲ್ಲಿ ಕೇಳುವ ಮೊದಲ ಪ್ರಶ್ನೆ ‘ಎಷ್ಟು ಟನ್?’ ಇದು ಯಂತ್ರದ ತೂಕವಲ್ಲ. ಹಿಂದೆ ಕೋಣೆ ತಂಪಾಗಿಸಲು ಮಂಜುಗಡ್ಡೆ ತರಿಸುತ್ತಿದ್ದ ಕಾಲವೊಂದಿತ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಕಲ್ಕತ್ತೆಗೇ ಹಡಗಿನಲ್ಲಿ ಮಂಜುಗಡ್ಡೆ ಬಂದಿತ್ತು. ಒಂದು ಟನ್ ಮಂಜುಗಡ್ಡೆ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಹೊರಹಾಕುವ ಯಂತ್ರ ಒಂದು ಟನ್ನಿನದು. ಏ.ಸಿ. ತಂಪನ್ನು ತಯಾರಿಸುವುದಿಲ್ಲ, ಒಳಗಿನ ಶಾಖವನ್ನು ಹೊತ್ತು ಹೊರಗೆ ಇಳಿಸುವ ಹಮಾಲನಂತೆ ದುಡಿಯುತ್ತದೆ. ದೊಡ್ಡದಾದಷ್ಟೂ ಒಳ್ಳೆಯದು ಎಂಬ ಸಾಹುಕಾರಿಕೆ ಇಲ್ಲಿ ನಡೆಯುವುದಿಲ್ಲ. ಸಣ್ಣ ಕೋಣೆಗೆ ದೊಡ್ಡ ಯಂತ್ರ ಹಾಕಿದರೆ ಅದು ಹತ್ತು ನಿಮಿಷದಲ್ಲಿ ತಂಪು ಮಾಡಿ ನಿಂತುಬಿಡುತ್ತದೆ. ನೀರು ಹನಿಯಾಗಿ ಇಳಿಯಲು ಬೇಕಾದ ಹೊತ್ತೇ ಸಿಗುವುದಿಲ್ಲ. ಕೋಣೆ ತಣ್ಣಗೂ ಇರುತ್ತದೆ, ಜಿಗುಟೂ ಇರುತ್ತದೆ.

ಎಷ್ಟು ಟನ್ ಬೇಕೆಂಬುದನ್ನು ಕೋಣೆಯ ಅಳತೆ ಮಾತ್ರ ನಿರ್ಧರಿಸುವುದಿಲ್ಲ, ಮಾಳಿಗೆಯೂ ನಿರ್ಧರಿಸುತ್ತದೆ. ಇಲ್ಲಿ ಈ ಸೀಮೆಯ ಒಂದು ವಿಚಿತ್ರವಿದೆ. ಶಹಾಬಾದ್, ಚಿತ್ತಾಪುರ, ಸೇಡಂ ಭಾಗದ ನೆಲದಡಿ ಇರುವುದು ಪದರು ಪದರಾದ ಸುಣ್ಣಕಲ್ಲು. ಅದನ್ನು ಸೀಳಿ ತೆಗೆದರೆ ದೇಶಕ್ಕೆಲ್ಲ ಹೆಸರಾದ ಶಹಾಬಾದ್ ಪರಸಿ. ಅದನ್ನೇ ಪುಡಿಮಾಡಿ ಸುಮಾರು 1,450 ಡಿಗ್ರಿಯಲ್ಲಿ ಸುಟ್ಟರೆ ವಾಡಿ, ಸೇಡಂ, ಮಳಖೇಡದ ಕಾರ್ಖಾನೆಗಳ ಸಿಮೆಂಟು. ಹಳೆಯ ಮನೆಯೂ ಈ ಕಲ್ಲಿನದೇ, ಹೊಸ ಮನೆಯೂ ಈ ಕಲ್ಲಿನದೇ. ಒಳಗಿನ ಹವೆ ಮಾತ್ರ ಒಂದೇ ಅಲ್ಲ.

ಹಳೆಯ ಮನೆಯ ಗೋಡೆ ಸಾಮಾನ್ಯವಾಗಿ ಒಂದೂವರೆ, ಎರಡು ಅಡಿ ದಪ್ಪ. ತೊಲೆ, ಜಂತೆಗಳ ಮೇಲೆ ಪರಸಿ ಹಾಸಿ ಅದರ ಮೇಲೆ ಮಣ್ಣು ಹೇರಿದ ಮಾಳಿಗೆ. ಮಧ್ಯಾಹ್ನದ ಬಿಸಿ ಅದನ್ನು ದಾಟಿ ಒಳಗೆ ಬರುವಷ್ಟರಲ್ಲಿ ಹೊರಗೆ ರಾತ್ರಿಯಾಗಿ ಗಾಳಿ ತಣ್ಣಗಾಗಿರುತ್ತದೆ. ಈಗಿನ ಆರ್‌ಸಿಸಿ ಮಾಳಿಗೆ ನಾಲ್ಕೈದು ಇಂಚು. ಮಧ್ಯಾಹ್ನ ಕುಡಿದ ಬಿಸಿಲನ್ನು ಅದು ಸಂಜೆಯಿಂದ ನಡುರಾತ್ರಿಯವರೆಗೆ ಕೆಳಗಿನ ಕೋಣೆಗೆ ಇಳಿಸುತ್ತಲೇ ಇರುತ್ತದೆ. ಜನ ಮಲಗುವ ಹೊತ್ತು ಅದೇ. ಹಾಗೆಂದು ಮಣ್ಣಿನ ಮಾಳಿಗೆಗೆ ಮರಳಿರಿ ಎನ್ನುವುದು ಪೇಟೆಯಲ್ಲಿ ಕುಳಿತವರ ಮಾತು. ವರ್ಷವರ್ಷ ಮಣ್ಣು ಹಾಕಬೇಕು, ಸೋರುತ್ತದೆ, ಇಲಿ ಚೇಳುಗಳ ಕಾಟ. ಆ ಕೆಲಸ ಬಲ್ಲವರೂ ಕಡಿಮೆಯಾಗಿದ್ದಾರೆ. ಆದರೆ ಆರ್‌ಸಿಸಿಯ ಮೇಲೆ ಬೇಸಿಗೆಗೆ ಮುಂಚೆ ಬಿಳಿ ಸುಣ್ಣ ಬಳಿಯಲು ಯಾರ ಅಡ್ಡಿಯೂ ಇಲ್ಲ. ಬಿಳಿ ಮಾಳಿಗೆ ಬಿಸಿಲಿನ ಬಹುಪಾಲನ್ನು ಹಿಂದಕ್ಕೆ ಎಸೆಯುತ್ತದೆ. ನೆರೆಯ ತೆಲಂಗಾಣ 2023ರಲ್ಲಿ ಇದಕ್ಕೆಂದೇ ‘ಕೂಲ್ ರೂಫ್’ ನೀತಿಯನ್ನು ತಂದಿತು. ಒಂದೂವರೆ ಟನ್ ಬೇಕಾದಲ್ಲಿ ಒಂದು ಟನ್ ಸಾಕಾಗಬೇಕಾದರೆ ದಾರಿ ಮಾಳಿಗೆಯ ಮೇಲಿದೆ.

ಜೋಡಿಸುವ ದಿನ ಮನೆಯವರು ಎದುರಿಗೆ ನಿಂತು ನೋಡಬೇಕಾದದ್ದು ಕೆಲವಿದೆ. ಹೊರಗಿನ ಪೆಟ್ಟಿಗೆಯನ್ನು ಪಶ್ಚಿಮದ ಗೋಡೆಗೆ ಹಾಕಿದರೆ ಸಂಜೆಯವರೆಗೂ ಬಿಸಿಲಲ್ಲಿ ಬೇಯುತ್ತದೆ; ಉತ್ತರದ ಗೋಡೆ ಉತ್ತಮ, ಗಾಳಿಯಾಡಲು ಸುತ್ತ ಜಾಗವಿರಬೇಕು. ಪಕ್ಕದವರ ಕಿಟಕಿಗೆ ಎದುರಾಗಿ ಇಟ್ಟರೆ ನಮ್ಮ ಕೋಣೆಯ ಶಾಖ ಅವರ ಕೋಣೆಗೆ. ತಾಮ್ರದ ಪೈಪು ಜೋಡಿಸಿದ ಮೇಲೆ ವ್ಯಾಕ್ಯೂಮ್ ಪಂಪಿನಿಂದ ಒಳಗಿನ ಗಾಳಿ, ತೇವ ಎಳೆದ ನಂತರವೇ ಗ್ಯಾಸ್ ಬಿಡಬೇಕು. ಅವಸರದಲ್ಲಿರುವ ಕೆಲಸಗಾರ ಮೊದಲು ಬಿಡುವುದು ಈ ಹಂತವನ್ನೇ. ನೀರಿನ ಪೈಪಿಗೆ ಇಳಿಜಾರು ಇರಲಿ. ಅರ್ಥಿಂಗ್ ಸರಿಯಿಲ್ಲದ ಮನೆಯಲ್ಲಿ ಮೊದಲು ಅದನ್ನು ಸರಿಪಡಿಸಿ, ಆಮೇಲೆ ಏ.ಸಿ. ಮಾತು. ಸಿಮೆಂಟು ಮತ್ತು ಕಲ್ಲಿನ ಧೂಳಿನ ಈ ಪ್ರದೇಶದಲ್ಲಿ ಫಿಲ್ಟರನ್ನು ಹದಿನೈದು ದಿನಕ್ಕೊಮ್ಮೆಯಾದರೂ ತೊಳೆಯದಿದ್ದರೆ ಗಾಳಿಯೇ ಬಾರದು.

ಇನ್ನು ಬಿಲ್ಲು. 2020ರ ಜನವರಿಯಿಂದ ದೇಶದಲ್ಲಿ ತಯಾರಾಗುವ ಕೋಣೆಯ ಏ.ಸಿ.ಗಳು ಮೊದಲಿಗೆ 24 ಡಿಗ್ರಿಗೇ ತೆರೆದುಕೊಳ್ಳಬೇಕೆಂಬ ನಿಯಮವಿದೆ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇಕಡಾ 6ರಷ್ಟು ವಿದ್ಯುತ್ ಉಳಿಯುತ್ತದೆ ಎಂಬುದು ಇಂಧನ ದಕ್ಷತಾ ಬ್ಯೂರೊದ ಲೆಕ್ಕ. 26ಕ್ಕೆ ಇಟ್ಟು ಮೇಲೆ ಫ್ಯಾನ್ ತಿರುಗಿಸಿದರೆ ಯಾರಿಗೂ ಕಷ್ಟವಾಗದು. ಒಂದೂವರೆ ಟನ್ನಿನ ಯಂತ್ರ ಗಂಟೆಗೆ ಸರಾಸರಿ ಒಂದು ಯೂನಿಟ್ ತಿಂದರೂ ದಿನಕ್ಕೆ ಎಂಟು ಗಂಟೆಯಂತೆ ತಿಂಗಳಿಗೆ 240 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಮಿತಿ 200 ಯೂನಿಟ್. ಅದನ್ನು ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. ಯಂತ್ರದ ಕಂತಿನ ಲೆಕ್ಕ ಹಾಕುವವರು ಇದನ್ನೂ ಸೇರಿಸಿ ಹಾಕಲಿ. ಕಡುಬೇಸಿಗೆಗೆ ಕೂಲರ್, ಜೂನ್ ತಿಂಗಳ ಶೆಕೆಗೆ ಏ.ಸಿ. ಎಂದು ಹಂಚಿಕೊಂಡ ಮನೆಗೆ ಎರಡೂ ಕೈಗೆಟುಕುತ್ತವೆ. ಏಪ್ರಿಲಿನಲ್ಲಿ ಕೂಲರಿಗೆ ನೀರೆಲ್ಲಿ ಎಂಬ ಪ್ರಶ್ನೆ ಇದ್ದೇ ಇದೆ, ಅದನ್ನು ಯಾವ ಅಂಗಡಿಯವನೂ ಬಗೆಹರಿಸಲಾರ.

ಕೋಣೆಯ ಹೊರಗಿರುವವರ ಮಾತೊಂದು ಉಳಿದಿದೆ. ಥರ್ಮಾಮೀಟರಿನ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಅಳೆಯುವ ಉಷ್ಣತೆಯನ್ನು ವಿಜ್ಞಾನಿಗಳು ಬೆವರುವ ಮೈಯ ಅಳತೆಗೋಲು ಎಂದು ಬಳಸುತ್ತಾರೆ. ಇದು 35 ಡಿಗ್ರಿ ಮುಟ್ಟಿದರೆ ಮನುಷ್ಯ ನೆರಳಲ್ಲಿ ಸುಮ್ಮನೆ ಕೂತರೂ ಬದುಕಲಾರ ಎಂದು 2010ರಲ್ಲಿ ಲೆಕ್ಕ ಹಾಕಲಾಗಿತ್ತು. 2022ರಲ್ಲಿ ಅಮೆರಿಕದಲ್ಲಿ ಆರೋಗ್ಯವಂತ ಯುವಕ ಯುವತಿಯರ ಮೇಲೆ ಪ್ರಯೋಗ ಮಾಡಿದಾಗ, ತೇವದ ಬಿಸಿಯಲ್ಲಿ ಅವರ ಮೈ 31ರ ಆಸುಪಾಸಿನಲ್ಲಿಯೇ ಹತೋಟಿ ತಪ್ಪಿತು. ಮೇಲೆ ಹೇಳಿದ ಜೂನ್ ತಿಂಗಳ 33 ಡಿಗ್ರಿ, ಶೇಕಡಾ 70ರ ದಿನ ಈ ಅಳತೆ 28 ದಾಟಿರುತ್ತದೆ. ಥರ್ಮಾಮೀಟರಿನಲ್ಲಿ 33 ಎಂದು ನೋಡಿ ‘ಮೇ ತಿಂಗಳಿಗಿಂತ ಎಷ್ಟೋ ವಾಸಿ’ ಎಂದು ಗಣಿಯಲ್ಲಿ ಪರಸಿ ಎತ್ತುವವನನ್ನು ಮಧ್ಯಾಹ್ನವೂ ದುಡಿಸುವುದು ಈ ಕಾರಣಕ್ಕೆ ಅಪಾಯ. ಕಚೇರಿಗಳ ಬೇಸಿಗೆ ವೇಳೆ ಮೇ ಕೊನೆಗೆ ಮುಗಿಯುತ್ತದೆ. ಗಣಿಯಲ್ಲಿ, ಹೊಲದಲ್ಲಿ ಬೆಳಗಿನ ಜಾವ ಕೆಲಸ ಆರಂಭಿಸಿ ಹನ್ನೊಂದರ ಹೊತ್ತಿಗೆ ನೆರಳಿಗೆ ಬರುವ ರೂಢಿಯನ್ನು ಶೆಕೆ ಇಳಿದು ಮಳೆ ಹಿಡಿಯುವವರೆಗೂ ಮುಂದುವರಿಸಬೇಕು. ಜೊತೆಗೆ ತಾಸಿಗೊಮ್ಮೆ ಕುಡಿಯುವ ನೀರು, ಉಪ್ಪು ಹಾಕಿದ ಮಜ್ಜಿಗೆ, ಗಾಳಿಯಾಡುವ ಒಂದು ಚಪ್ಪರ.