ಚರ್ಮದ ಕಾವಲೂ ಸೊಪ್ಪಿನ ಸತ್ತ್ವವೂ



ಮಾಯಸಂದ್ರದಿಂದ ತುರುವೇಕೆರೆ, ತಿಪಟೂರು, ಚಿಕ್ಕನಾಯಕನಹಳ್ಳಿಗಳವರೆಗೆ ಎತ್ತ ನೋಡಿದರೂ ತೆಂಗಿನ ತೋಟಗಳೇ. ಇಂತಹ ಸೀಮೆಯಲ್ಲಿಯೂ ಒಂದು ಕುರು ಒಣಗುವಷ್ಟರಲ್ಲಿ ಮತ್ತೊಂದು ಏಳುವ ಮಕ್ಕಳುಂಟು. ಉಷ್ಣವೆಂದು ಹೇಳಿ ಬೇವಿನ ನೀರೆರೆದು ಸುಮ್ಮನಾಗುವುದು ವಾಡಿಕೆ. ಆ ನೀರು ಮೈಯನ್ನು ತೊಳೆದೀತು. ಒಳಗಿನ ಕಾವಲು ಕುಂದಿದ್ದರೆ ಅದನ್ನು ತುಂಬಲಾರದು.

ಚರ್ಮವು ಬರಿಯ ಹೊದಿಕೆಯಲ್ಲ. ಅದರ ಕಣಗಳು ದಿನದಿನವೂ ಹುಟ್ಟಿ, ಬಲಿತು, ಉದುರುತ್ತಿರುವುವು. ಈ ಬೆಳವಣಿಗೆಯನ್ನು ಕ್ರಮದಲ್ಲಿಡಲು ಎ ಜೀವಸತ್ತ್ವವು ಬೇಕು. ಅದು ಸಾಲದಾದಾಗ ಚರ್ಮವು ಒಣಗಿ ಒರಟಾಗುವುದು. ಕ್ರಿಮಿಗಳನ್ನು ನುಂಗುವ ಬಿಳಿಯ ರಕ್ತಕಣಗಳೂ ಶಕ್ತಿಗುಂದುವುವು. ಚರ್ಮವು ತಾನೇ ಉತ್ಪಾದಿಸುವ ಕ್ರಿಮಿನಾಶಕ ಪ್ರೋಟೀನೊಂದಕ್ಕೆ ಈ ಸತ್ತ್ವವು ಅವಶ್ಯವೆಂದು ೨೦೧೯ರಲ್ಲಿ ಅಮೆರಿಕದ ಟೆಕ್ಸಾಸಿನ ವಿಜ್ಞಾನಿಗಳು ಸುಂಡಿಲಿಗಳಲ್ಲಿ ತೋರಿಸಿದರು.

೧೯೩೩ರಲ್ಲಿ ಲೂಸಿಯಸ್ ನಿಕೋಲ್ಸ್ ಎಂಬ ವೈದ್ಯನು, ಕಪ್ಪೆಯ ಬೆನ್ನಿನಂತೆ ಒರಟಾದ ಮೈಗೆ ಆಹಾರದ ಕೊರತೆಯೇ ಕಾರಣವೆಂದು ಬರೆದನು. ಮೊದಲು ಎ ಸತ್ತ್ವದ ಅಭಾವವನ್ನೇ ಹೊಣೆಮಾಡಲಾಯಿತು. ಕೆಲವು ಎಣ್ಣೆಗಳ ಸಾರವೂ ಬಿ ವರ್ಗದ ಸತ್ತ್ವಗಳೂ ಅದರಲ್ಲಿ ಪಾಲುಳ್ಳವೆಂದು ಅನಂತರ ತಿಳಿದುಬಂದಿತು. ಒಂದೇ ಕಾರಣವನ್ನು ಹಿಡಿದು ಹಠಮಾಡುವುದು ವೈದ್ಯಶಾಸ್ತ್ರದಲ್ಲಿ ಸಲ್ಲದು.

ಇನ್ನು ತೆಂಗಿನ ಮಾತು. ಕಲ್ಪವೃಕ್ಷವೆಂದು ಕೊಂಡಾಡುವ ಈ ಮರದ ಕಾಯಿಯಲ್ಲಿ ಎ ಜೀವಸತ್ತ್ವವಿಲ್ಲ, ರಾಗಿಯಲ್ಲಿಯೂ ಅತ್ಯಲ್ಪ. ಮುದ್ದೆ, ಕಾಯಿಚಟ್ನಿಗಳಿಂದ ಹೊಟ್ಟೆ ತುಂಬಿದ ಮಗುವಿಗೂ ಆದಕಾರಣ ಈ ಕೊರತೆ ತಟ್ಟಬಹುದು. ನುಗ್ಗೆಸೊಪ್ಪು, ದಂಟಿನಸೊಪ್ಪು, ಕರಿಬೇವು, ಪರಂಗಿಹಣ್ಣುಗಳಲ್ಲಿ ಅದರ ಮೂಲದ್ರವ್ಯವುಂಟು; ಹಾಲು ಬೆಣ್ಣೆಗಳಲ್ಲಿ ಸತ್ತ್ವವೇ ಉಂಟು. ಆದರೆ ಸೊಪ್ಪಿನದು ಕೊಬ್ಬಿನ ಜೊತೆಯಿಲ್ಲದೆ ಕರುಳಿನಲ್ಲಿ ಚೆನ್ನಾಗಿ ಹೀರಲ್ಪಡದು. ತೆಂಗಿನ ಉಪಕಾರವಿರುವುದು ಇಲ್ಲಿಯೇ. ನುಗ್ಗೆಸೊಪ್ಪಿನ ಪಲ್ಯಕ್ಕೆ ಹಿಡಿ ಕಾಯಿತುರಿ ಹಾಕುವ ಅಜ್ಜಿಯರ ಪದ್ಧತಿಗೆ ಶಾಸ್ತ್ರದ ಬೆಂಬಲವುಂಟು. ಕಾಯನ್ನೆಲ್ಲ ಕೊಬ್ಬರಿಮಾಡಿ ತಿಪಟೂರಿನ ಮಾರುಕಟ್ಟೆಗೆ ಸಾಗಿಸಿ ಮನೆಯ ಪಲ್ಯವನ್ನು ಬರಡುಮಾಡುವ ಯಜಮಾನರಿಗೆ ಅದಿಲ್ಲ.

ಸರ್ಕಾರದ ಕ್ರಮದಂತೆ ಮಗುವಿಗೆ ೯ನೆಯ ತಿಂಗಳಿನಿಂದ ೫ ವರ್ಷ ತುಂಬುವವರೆಗೆ, ಆರಾರು ತಿಂಗಳ ಅಂತರದಲ್ಲಿ ಒಟ್ಟು ೯ ಬಾರಿ ಈ ಸತ್ತ್ವದ ದ್ರವವನ್ನು ಕುಡಿಸುವರು. ಕುರು ಹೆಚ್ಚೆಂದು ತಾವೇ ಅದನ್ನು ಕೊಂಡು ಕುಡಿಸಲಾಗದು. ಅತಿಯಾದ ಸತ್ತ್ವವು ಯಕೃತ್ತಿನಲ್ಲಿ ಕೂಡಿ ವಿಷವಾಗುವುದು. ಗರ್ಭಿಣಿಯರಲ್ಲಿ ಶಿಶುವಿನ ಅಂಗಕ್ಕೇ ಕೇಡು. ಕೊರತೆಯಿಲ್ಲದವನ ಕುರುವಿಗೆ ಕಾರಣವು ಬೇರೆಯಿರುವುದು: ಒಬ್ಬರು ಮೈಯೊರಸಿದ ವಸ್ತ್ರವನ್ನು ಮನೆಯವರೆಲ್ಲರೂ ಬಳಸುವುದು, ಕೆರೆದುಕೊಂಡ ಕಜ್ಜಿ, ದೊಡ್ಡವರಲ್ಲಿ ಮಧುಮೇಹ. ಮೇಲಿಂದಮೇಲೆ ಕುರು ಏಳುವ ಹಿರಿಯರು ಮೊದಲು ರಕ್ತದಲ್ಲಿನ ಸಕ್ಕರೆಯನ್ನು ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.