ಕಾಲಿಗಷ್ಟೇ ಕೊಡುವ ಕೀಮೋ: ಆಮೇಲಿನ ದಿನಗಳು

ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಿಳಿಯರಿಗೆ ಮಾತ್ರ ಬರುತ್ತದೆ ಅಂದುಕೊಳ್ಳಬೇಡಿ. ನಮ್ಮವರಿಗೆ ಅಪರೂಪ, ಬಂದರೆ ಹೆಚ್ಚಾಗಿ ಅಂಗಾಲಿನಲ್ಲಿ, ಉಗುರಿನ ಕೆಳಗೆ. ಅದು ಕಾಲಿನಲ್ಲೇ ಅಲ್ಲಲ್ಲಿ ಗಂಟುಗಳಾಗಿ ಹರಡಿದರೆ, ಕೆಲವರಿಗೆ ಆ ಕಾಲಿಗಷ್ಟೇ ಕೀಮೋ ಕೊಡುತ್ತಾರೆ. ತೊಡೆಗೆ ಪಟ್ಟಿ ಬಿಗಿದು, ಮೆಲ್ಫಲಾನ್ ಎಂಬ ಔಷಧಿಯನ್ನು 20–30 ನಿಮಿಷ ಕಾಲಿನೊಳಗೇ ಸುತ್ತಿಸಿ, ತೊಳೆದು ತೆಗೆಯುತ್ತಾರೆ. ಈ ವಿಧಾನ 1990ರ ದಶಕದಲ್ಲಿ ರೂಪುಗೊಂಡದ್ದು ನೀವು ಬಂದಿರುವ ಇದೇ ಸಿಡ್ನಿಯಲ್ಲಿ. ಹೆಚ್ಚಿನವರಿಗೆ ಕಾಲು ಉಳಿಯುತ್ತದೆ.

ಉಳಿದ ಕಾಲು ಮೊದಲಿನಂತೆಯೇ ಇರುತ್ತದೆ ಎಂದು ಮಾತ್ರ ಹೇಳಲಾರೆ. ಮೊದಲ ವಾರಗಳಲ್ಲಿ ಕೆಂಪಾಗಿ ಊದುತ್ತದೆ. ಕೆಲವರಿಗೆ ಬಾವು, ಜೋಮು, ಕೀಲುಬಿಗಿತ ಉಳಿದುಬಿಡುತ್ತವೆ. ಚಕ್ಕಳಮಕ್ಕಳ ಹಾಕಲು ಆಗದಿದ್ದರೆ ಕುರ್ಚಿಯ ಮೇಲೆ ಕೂತೇ ಪೂಜೆ ಮಾಡಿ. ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು, ಶಾಖ ಕೊಡುವುದು ಬೇಡ. ಜೋಮು ಹಿಡಿದ ಕಾಲಿಗೆ ಗಾಯವಾದರೂ ತಿಳಿಯದು, ಬರಿಗಾಲಲ್ಲಿ ಓಡಾಡಬೇಡಿ. ದೇವಸ್ಥಾನದೊಳಗೆ ಸಾಕ್ಸ್ ಹಾಕಿಕೊಂಡರೆ ಯಾರೂ ಏನೂ ಅನ್ನುವುದಿಲ್ಲ.

ಮಗನಿಗೆ ಖರ್ಚು, ಸೊಸೆಗೆ ರಜೆಯಿಲ್ಲ ಎಂದು ನೋವು ಮುಚ್ಚಿಡುವವರನ್ನು ಬಹಳ ಕಂಡಿದ್ದೇನೆ. ಕಾಲು ಕಲ್ಲಿನಂತೆ ಗಟ್ಟಿಯಾಗಿ ನೋವು ಏರುತ್ತಿದ್ದರೆ, ಜ್ವರ ಬಂದರೆ, ಬೆಳಗಾಗುವವರೆಗೆ ಕಾಯಬೇಡಿ, ಮಕ್ಕಳನ್ನು ಎಬ್ಬಿಸಿ.

ಅಂಗಾಲಿನಲ್ಲಿ ಹೊಸ ಕಪ್ಪು ಮಚ್ಚೆ ಇದ್ದವರು ಇವತ್ತೇ ತೋರಿಸಿ ಹೋಗಿ.