ಮಿಣುಕುವ ದೀಪ

ಹಣತೆ ಮಂಕಾದರೆ ನಮ್ಮ ಹಿರಿಯರು ಎಣ್ಣೆಯನ್ನೂ ಬತ್ತಿಯನ್ನೂ ನೋಡುತ್ತಿದ್ದರು. ಹಳೆಯ ಮನೆಯ ವಿದ್ಯುದ್ದೀಪ ಮಿಣುಕಿದರೆ ನಾವು ಬಲ್ಬನ್ನು ಬದಲಿಸಿ ಸುಮ್ಮನಾಗುತ್ತೇವೆ. ಮೊದಲು ಗಮನಿಸಬೇಕಾದುದು, ಮಿಣುಕುತ್ತಿರುವ ದೀಪಗಳೆಷ್ಟು ಎಂಬುದನ್ನು. ಒಂದೇ ಆದರೆ ದೋಷ ಬಲ್ಬಿನಲ್ಲೋ ಹೋಲ್ಡರಿನಲ್ಲೋ ಸ್ವಿಚ್ಚಿನಲ್ಲೋ ಇದ್ದೀತು. ಒಂದು ಕೋಣೆಯ ದೀಪಗಳೆಲ್ಲವೂ ಆದರೆ ಅಲ್ಲಿಗೆ ಹೋಗುವ ತಂತಿಯ ಕೂಡಿಕೆಯಲ್ಲಿ. ಮನೆಯೆಲ್ಲ ಮಂಕಾಗಿ ನೆರೆಮನೆ ಬೆಳಗುತ್ತಿದ್ದರೆ ಮೇನ್ ಸ್ವಿಚ್ಚಿನಲ್ಲಿ ಅಥವಾ ಕಂಬದಿಂದ ಬರುವ ತಂತಿಯಲ್ಲಿ.

ಮೂರು ಫೇಸಿನ ಮನೆಯಲ್ಲಿ ಕೆಲವು ದೀಪ ಮಂಕಾಗಿ ಕೆಲವು ಅತಿಯಾಗಿ ಬೆಳಗಿದರೆ ನ್ಯೂಟ್ರಲ್ ತಂತಿ ಕಳಚಿರಬಹುದು. 230 ವೋಲ್ಟಿನ ಉಪಕರಣದ ಮೇಲೆ ಒತ್ತಡ 400ರ ಸಮೀಪಕ್ಕೆ ಏರೀತು. ಕೂಡಲೇ ಮೇನ್ ಆರಿಸಬೇಕು.

ಸಡಿಲಾದ ಕೂಡಿಕೆ ಕಾಯುತ್ತದೆ. ಕಾದದ್ದು ಒಂದು ದಿನ ಹೊತ್ತಿಕೊಂಡೀತು. ಮಿಣುಕನ್ನು ಸಹಿಸಿಕೊಳ್ಳುವುದು ತಾಳ್ಮೆಯಲ್ಲ. ಬಲ್ಲವರನ್ನು ಕರೆಸಿ ಕೂಡಿಕೆಯನ್ನು ಬಿಗಿ ಮಾಡಿಸುವುದೇ ವಿವೇಕ.